ಮೂರು ಕ್ರೆಡಿಟ್ಟಿನ ಚಾರಿತ್ರ್ಯ

ಅಮೆರಿಕದ ಕಾಲೇಜುಗಳಲ್ಲಿ ಒಳ್ಳೆಯ ನಡತೆಗೂ ಕ್ರೆಡಿಟ್ ಸಿಗುತ್ತದೆ. ನಾನು ಪಾಠ ಮಾಡುವ ಕಡೆ ಅದರ ದರ ಮೂರು. ಕೋರ್ಸಿನ ಹೆಸರು ‘ಚಾರಿತ್ರ್ಯ ಮತ್ತು ನಾಯಕತ್ವ’. ಪಾಠ ನಡೆಯುವುದು ಸ್ಪೇನಿನಲ್ಲಿ, ಸಂತ ಯಾಕೋಬನ ಸಮಾಧಿಯಿದೆ ಎಂದು ನಂಬಿರುವ ಸ್ಯಾಂಟಿಯಾಗೊ ದೆ ಕಾಂಪೊಸ್ತೆಲಾಕ್ಕೆ ನಡೆದು ಹೋಗುವ ಹಾದಿಯಲ್ಲಿ. ಕಮೀನೊ ಎಂದರೆ ಇದೇ. ಫ್ರಾನ್ಸಿನ ಗಡಿಯ ಹತ್ತಿರದಿಂದ ಶುರುಮಾಡಿದರೆ ಸುಮಾರು 780 ಕಿಲೋಮೀಟರ್. ಅಷ್ಟು ನಡೆಸಿದರೆ ಮಕ್ಕಳ ಬೇಸಿಗೆ ರಜೆಯೆಲ್ಲ ಹಾದಿಯಲ್ಲೇ ಕಳೆದುಹೋಗುತ್ತದೆ. ಅದಕ್ಕೇ ನಮ್ಮವರು ಗಲೀಸಿಯಾ ಪ್ರಾಂತ್ಯದ ಸಾರ್ರಿಯಾದಿಂದ ಹೊರಡುತ್ತಾರೆ. ಅಲ್ಲಿಂದ ನೂರಕ್ಕೆ ಸ್ವಲ್ಪ ಮೇಲೆ. ಕಾಲ್ನಡಿಗೆಯವರಿಗೆ ಚರ್ಚು ಕೊಡುವ ಪ್ರಮಾಣಪತ್ರಕ್ಕೆ ಬೇಕಾದ ಕನಿಷ್ಠ ದೂರವೂ ನೂರೇ. ಪಾಸಾಗಲು ಎಷ್ಟು ಸಾಕು ಎಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ನಾಯಕತ್ವದ ಮೊದಲ ಅಧ್ಯಾಯ ಎಂದುಕೊಳ್ಳೋಣ.

ನನ್ನದು ಸಂಖ್ಯಾಶಾಸ್ತ್ರ. ಚಾರಿತ್ರ್ಯಕ್ಕೂ ನನಗೂ ಇಲಾಖೆಯ ಮಟ್ಟದಲ್ಲಿ ಯಾವ ಸಂಬಂಧವೂ ಇಲ್ಲ. ಆದರೆ ಜೊತೆಗೆ ಇನ್ನೊಬ್ಬ ಮೇಷ್ಟರು ಬೇಕಾಗಿತ್ತು. ಭಾರತದವನು, ಮೇಲಾಗಿ ಸಸ್ಯಾಹಾರಿ, ಅಂದಮೇಲೆ ಒಂದಿಷ್ಟು ಅಧ್ಯಾತ್ಮ ಇದ್ದೇ ಇರುತ್ತದೆ ಎಂದು ಮೀಟಿಂಗಿನಲ್ಲಿ ಯಾರೋ ತೀರ್ಮಾನಿಸಿದರು.

ಬಾಗಲಕೋಟೆ ಕಡೆಯ ನಮ್ಮೂರಿಗೆ ಫೋನು ಮಾಡಿ ಸುದ್ದಿ ಹೇಳಿದೆ. ಅವ್ವ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗಿಬಂದವಳು. ಮರಗಾಲು ಕಟ್ಟಿಕೊಂಡು ನಡೆಯುವವರ ಸರೀಕಳಾಗಿ ಹೆಜ್ಜೆ ಹಾಕಿದವಳು.

“ನಡ್ಯಾಕ ರೊಕ್ಕ ಕೊಡ್ತಾರ? ಯಾಕೋ ತಮ್ಮಾ, ಅಲ್ಲಿ ಹುಡುಗೂರಿಗೆ ನಡ್ಯಾಕ ಬರಂಗಿಲ್ಲೇನು?”

“ನಡ್ಯಾಕ ಬರ್ತೈತಿ ಅವ್ವಾ. ಮುಂದಾಳು ಆಗೂದು ಕಲೀತಾರ.”

“ನಮ್ಮಾಗ ಮಲ್ಲಯ್ಯನ ಕಂಬಿ ಮುಂದ ಹೋಗ್ತೈತಿ, ಅದರ ಹಿಂದ ನಾವು. ನಿಮ್ಮಾಗ ಮುಂದ ಏನ್ ಹೋಗ್ತೈತಿ?”

ನಮ್ಮ ಮುಂದೆ ಹೋದದ್ದು ಹಳದಿ ಬಾಣ. ಗೋಡೆಯ ಮೇಲೆ, ಮರದ ಕಾಂಡದ ಮೇಲೆ, ಕರೆಂಟು ಕಂಬದ ಮೇಲೆ, ಎಲ್ಲೆಲ್ಲೂ ಹಳದಿ ಬಣ್ಣದ ಬಾಣ. ಓ ಸೆಬ್ರೇರೊ ಎಂಬ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಲಿನ್ಯ 1980ರ ದಶಕದಲ್ಲಿ ಬಣ್ಣದ ಡಬ್ಬಿ ಹಿಡಿದು ಇವನ್ನು ಬಳಿಯುತ್ತ ಹೋದರಂತೆ. ಆಗ ಹಾದಿಯಲ್ಲಿ ಯಾತ್ರಿಕರೇ ಇರಲಿಲ್ಲ ಎನ್ನಬಹುದು. ಫ್ರಾನ್ಸ್ ಗಡಿಯ ಹತ್ತಿರ ಮರಗಳಿಗೆ ಬಣ್ಣ ಬಳಿಯುತ್ತಿದ್ದ ಇವರನ್ನು ಪೊಲೀಸರು ತಡೆದು ಏನು ನಡೆಸಿದ್ದೀರಿ ಎಂದು ಕೇಳಿದರೆ, “ಫ್ರಾನ್ಸಿನಿಂದ ದೊಡ್ಡ ದಂಡಯಾತ್ರೆ ಬರುವುದಿದೆ, ತಯಾರಿ ಮಾಡುತ್ತಿದ್ದೇನೆ” ಎಂದರು ಅಂತ ಕತೆ ಹೇಳುತ್ತಾರೆ. 1989ರಲ್ಲಿ ತೀರಿಕೊಂಡರು. ದಂಡು ಈಗಲೂ ಬರುತ್ತಿದೆ, ವರ್ಷಕ್ಕೆ ಲಕ್ಷಗಟ್ಟಲೆ.

ಬಾಣ ಇಷ್ಟು ಖಚಿತವಾಗಿದ್ದ ಮೇಲೆ ನಾಯಕನಿಗೆ ಏನು ಕೆಲಸ? ಆದರೂ ನಮ್ಮ ಕೋರ್ಸಿನಲ್ಲಿ ದಿನಕ್ಕೊಬ್ಬ ನಾಯಕ ಇರಲೇಬೇಕು. ಅವನ ಕೊರಳಿಗೆ ಸೀಟಿ. ಮೊದಲ ದಿನದ ನಾಯಕ ಕವಲುದಾರಿಯಲ್ಲಿ ನಿಂತು, ಬಾಣ ನೋಡಿ, ಸೀಟಿ ಊದಿ, ಬಾಣ ತೋರಿಸಿದ ಕಡೆಗೇ ಕೈ ತೋರಿಸಿದ. ಗಲೀಸಿಯಾದಲ್ಲಿ ಮೈಲಿಗಲ್ಲುಗಳೂ ಉಳಿದ ದೂರವನ್ನು ಮೂರು ದಶಮಾಂಶ ಸ್ಥಾನದವರೆಗೆ ಹೇಳುತ್ತವೆ. ಮೀಟರ್ ಲೆಕ್ಕ ಬಲ್ಲ ಕಲ್ಲಿನ ಎದುರು ಸೀಟಿ ಹಿಡಿದವನಿಗೆ ಯಾವ ಗೌರವ ಉಳಿದೀತು?

ಎರಡನೆಯ ನಾಯಕಿ ಒಮ್ಮತದಲ್ಲಿ ನಂಬಿಕೆಯಿಟ್ಟವಳು. ಕಾಫಿಗೆ ನಿಲ್ಲುವುದೇ ಮುಂದಿನ ಊರಿಗೆ ಹೋಗುವುದೇ ಎಂಬ ಪ್ರಶ್ನೆಯನ್ನು ಎಲ್ಲರನ್ನೂ ವೃತ್ತಾಕಾರದಲ್ಲಿ ನಿಲ್ಲಿಸಿ ಚರ್ಚೆಗಿಟ್ಟಳು. ಅಷ್ಟರಲ್ಲಿ ಎಪ್ಪತ್ತು ದಾಟಿದ ಸ್ಪೇನಿನ ಹೆಂಗಸರ ಗುಂಪೊಂದು ಬಂತು. ಆಲೂಗಡ್ಡೆ-ಮೊಟ್ಟೆಯ ತೋರ್ತಿಯ ತಿಂದರು, ಕಾಫಿ ಕುಡಿದರು, ತಮ್ಮ ಯಾತ್ರಾಪುಸ್ತಕಕ್ಕೆ ಅಂಗಡಿಯವನ ಮೊಹರು ಒತ್ತಿಸಿಕೊಂಡರು, “ಬ್ವೆನ್ ಕಮೀನೊ” ಎಂದು ನಮಗೇ ಶುಭ ಹಾರೈಸಿ ಹೊರಟುಹೋದರು. ಒಮ್ಮತ ಮೂಡುವ ಹೊತ್ತಿಗೆ ತೋರ್ತಿಯ ಮುಗಿದಿತ್ತು. ಉಳಿದದ್ದು ಬೊಕದಿಯೊ ಎಂಬ ಹಂದಿ ಮಾಂಸದ ಸ್ಯಾಂಡ್‌ವಿಚ್. ಮಾಂಸ ಬೇಡ ಎಂದು ಕೈಮುಗಿದ ನನಗೆ ಅಂಗಡಿಯವನು ಪ್ರೀತಿಯಿಂದ ಟ್ಯೂನಾ ಮೀನು ಇಟ್ಟುಕೊಟ್ಟ. ಆ ಊರಿನ ಲೆಕ್ಕದಲ್ಲಿ ಮೀನು ಮಾಂಸವಲ್ಲ.

ಕೋರ್ಸಿಗೆ ಪಠ್ಯವೂ ಉಂಟು. ಎಟಿ ಆ್ಯಂಡ್ ಟಿ ಕಂಪನಿಯಲ್ಲಿ ದುಡಿದು ನಿವೃತ್ತರಾದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಬರೆದ ಪ್ರಬಂಧ, ಸೇವಕನೇ ನಾಯಕ ಎಂಬುದು ಅದರ ಸಾರ. ಅವರಿಗೆ ಇದು ಹೊಳೆದದ್ದು ಹರ್ಮನ್ ಹೆಸ್ಸೆಯ ‘ಪೂರ್ವದೆಡೆಗೆ ಪಯಣ’ ಎಂಬ 1932ರ ಕಾದಂಬರಿಯಿಂದ. ಯಾತ್ರೆ ಹೊರಟವರ ಗುಂಪಿನಲ್ಲಿ ಲಿಯೋ ಎಂಬ ಆಳು. ಗಂಟುಮೂಟೆ ಹೊರುತ್ತಾನೆ, ಹಾಡುತ್ತಾನೆ. ಒಂದು ದಿನ ಕಾಣೆಯಾಗುತ್ತಾನೆ, ಯಾತ್ರೆ ಚೆಲ್ಲಾಪಿಲ್ಲಿಯಾಗುತ್ತದೆ. ಆಮೇಲೆ ತಿಳಿಯುತ್ತದೆ, ಯಜಮಾನ ಅವನೇ.

ನಮ್ಮಲ್ಲಿ ಎಲ್ಲರೂ ತಮ್ಮ ತಮ್ಮ ಭಾರ ತಾವೇ ಹೊರಬೇಕು ಎಂದು ಹಿರಿಯ ಪ್ರಾಧ್ಯಾಪಕರು ನಿಯಮ ಮಾಡಿದ್ದರು. ಮಿನ್ಯೊ ನದಿ ದಾಟಿ ಪೋರ್ತೊಮರೀನ್ ಸೇರುವಷ್ಟರಲ್ಲಿ ನಿಯಮ ಸುಸ್ತಾಯಿತು. (ಚೆಂದದ ಊರು. 1960ರ ದಶಕದಲ್ಲಿ ಹಳೆಯ ಊರು ಅಣೆಕಟ್ಟಿನಲ್ಲಿ ಮುಳುಗುವಾಗ ಅಲ್ಲಿನ ಚರ್ಚಿನ ಕಲ್ಲುಗಳಿಗೆ ನಂಬರ್ ಹಾಕಿ, ಬಿಚ್ಚಿ, ಗುಡ್ಡದ ಮೇಲೆ ಮತ್ತೆ ಕಟ್ಟಿದ್ದಾರೆ. ನಂಬರುಗಳು ಇನ್ನೂ ಕಾಣುತ್ತವೆ. ನಾನು ಗೋಡೆ ಬಿಟ್ಟು ಕದಲಲಿಲ್ಲ.) ಅಲ್ಲೆಲ್ಲ ಕೆಲವೇ ಯೂರೊ ಕೊಟ್ಟರೆ ಬ್ಯಾಗನ್ನು ಮುಂದಿನ ಊರಿಗೆ ಮುಟ್ಟಿಸುವ ವ್ಯಾನುಗಳಿವೆ. ಲಕೋಟೆಯ ಮೇಲೆ ಹೆಸರು, ಸೇರಬೇಕಾದ ವಸತಿಯ ವಿಳಾಸ ಬರೆದು, ದುಡ್ಡು ಒಳಗಿಟ್ಟು, ಬ್ಯಾಗಿನ ಪಟ್ಟಿಗೆ ಕಟ್ಟಿದರೆ ಆಯಿತು. ಮರುದಿನ ಬೆಳಿಗ್ಗೆ ನಮ್ಮ ಅರ್ಧ ಪಾಲು ಹುಡುಗರ ಬ್ಯಾಗುಗಳಿಗೆ ಲಕೋಟೆ ನೇತಾಡುತ್ತಿತ್ತು. ಪರರ ನೆರವು ಸ್ವೀಕರಿಸುವುದೂ ಒಂದು ಸದ್ಗುಣ ಎಂದು ಒಬ್ಬ ಅರಿಸ್ಟಾಟಲನನ್ನು ಸಾಕ್ಷಿಗೆ ಕರೆದು ದಿನಚರಿ ಬರೆದ.

ಪಲಾಸ್ ದೆ ರೇಯಲ್ಲಿ ಬೆಳಗಿನ ಗೋಷ್ಠಿ. ಒಳಗೆ ನಮ್ಮವರು ಬೆಂಚುಗಳನ್ನು ದುಂಡಗೆ ಜೋಡಿಸಿಕೊಂಡು “ನಮ್ಮೊಳಗಿನ ಲಿಯೋ ಯಾರು?” ಎಂದು ಚರ್ಚಿಸುತ್ತಿದ್ದರು. ಹೊರಗೆ ಬಿಳಿ ವ್ಯಾನು ಬಂತು. ಐವತ್ತರ ಆಸುಪಾಸಿನ ಗಂಡಸು ಇಳಿದ. ಒಂದೊಂದೇ ಬ್ಯಾಗೆತ್ತಿ ಲಕೋಟೆ ಓದಿ, ದೂರದ ಊರಿನವನ್ನು ಒಳಗೆ, ಹತ್ತಿರದವನ್ನು ಬಾಗಿಲ ಬಳಿ ಇಡುತ್ತ ಬಂದ. ಒಂದು ಲಕೋಟೆ ಓದಿ ತಲೆ ಕೆರೆದುಕೊಂಡ. ನಮ್ಮ ಹುಡುಗನೊಬ್ಬ ನಿನ್ನೆ ಬಿಟ್ಟುಬಂದ ಊರಿನ ಹೆಸರನ್ನೇ ಬರೆದಿದ್ದ. ಪಕ್ಕದ ಬ್ಯಾಗಿನ ಪಟ್ಟಿಗೆ ಅದೇ ಕಾಲೇಜಿನ ಗುರುತು ಇದ್ದದ್ದು ನೋಡಿ, ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು, ಹೆಸರು ಹೊಡೆದು ‘ಅರ್ಸುವಾ’ ಎಂದು ತಿದ್ದಿದ. ಯಾರನ್ನೂ ಕರೆಯಲಿಲ್ಲ. ಬಾಗಿಲು ಎಳೆದುಕೊಂಡು ಹೋದ. ಒಳಗೆ ಲಿಯೋ ಯಾರೆಂದು ಓಟಿಗೆ ಹಾಕಿದ್ದರು.

ಅಂದು ಸಂಜೆ ಅರ್ಸುವಾದಲ್ಲಿ ವ್ಯಾನು ತಡವಾಯಿತು. ಚಾರ್ಜರಿಲ್ಲ, ಟೂತ್‌ಬ್ರಷ್ಷಿಲ್ಲ, ಒಣ ಸಾಕ್ಸಿಲ್ಲ. ದಿನದ ನಾಯಕ ಸೀಟಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತ. ಮಕ್ಕಳು ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡರು. ಹೆಸ್ಸೆ ಬರೆದದ್ದು ಅಕ್ಷರಶಃ ನಡೆಯಿತು. ಆ ರಾತ್ರಿಯ ದಿನಚರಿಗಳಲ್ಲಿ ಗ್ರೀನ್‌ಲೀಫ್ ಹೆಸರು ಹದಿನೈದಿಪ್ಪತ್ತು ಸಲ ಬಂದಿತ್ತು, ವ್ಯಾನಿನವನದು ಒಮ್ಮೆಯೂ ಇಲ್ಲ.

ಸ್ಯಾಂಟಿಯಾಗೊದ ಯಾತ್ರಿಕರ ಕಚೇರಿಯಲ್ಲಿ ಒಂದು ಫಾರಂ ತುಂಬಬೇಕು. ಯಾಕೆ ನಡೆದಿರಿ? ಧಾರ್ಮಿಕವೇ, ಧಾರ್ಮಿಕವೂ ಬೇರೆಯದೂ ಸೇರಿಯೇ, ಧಾರ್ಮಿಕವಲ್ಲದ ಕಾರಣವೇ? ಮೂರು ಕ್ರೆಡಿಟ್ಟಿಗಾಗಿ ಎಂಬ ಆಯ್ಕೆ ಅದರಲ್ಲಿಲ್ಲ. ಮಕ್ಕಳು ಮೊದಲನೆಯದಕ್ಕೋ ಎರಡನೆಯದಕ್ಕೋ ಗುರುತು ಹಾಕಿ ಮುಂದೆ ಸರಿದರು. ಹಾದಿಯುದ್ದಕ್ಕೂ ಹೆಚ್ಚು ಮಾತಾಡದ ಒಬ್ಬ ಹುಡುಗಿ ಮಾತ್ರ ನಿಂತುಬಿಟ್ಟಳು. “ಸರ್, ನನಗೆ ದೇವರಿಲ್ಲ. ಸುಳ್ಳು ಬರೆಯಲೇ?” ಎಂದಳು. ನಿನ್ನಿಷ್ಟ ಎಂದೆ. ಅವಳು ಮೂರನೆಯದಕ್ಕೆ ಗುರುತು ಹಾಕಿದಳು. ಕಾಂಪೊಸ್ತೆಲಾ ಎಂಬ ಲ್ಯಾಟಿನ್ ಭಾಷೆಯ ಪ್ರಖ್ಯಾತ ಪ್ರಮಾಣಪತ್ರ ಸಿಗಲಿಲ್ಲ, ಬೇರೆ ಬಗೆಯ ಪತ್ರ ಕೊಟ್ಟರು.

ಕಾಲೇಜಿಗೆ ಮರಳಿದ ಮೇಲೆ ಗೊತ್ತಾಯಿತು, ಕ್ರೆಡಿಟ್ ಬೇಕಾದರೆ ಕಾಂಪೊಸ್ತೆಲಾದ ಫೋಟೊ ಏರಿಸಬೇಕು. ನಿಜ ಬರೆದವಳ ಪತ್ರವನ್ನು ನಮ್ಮ ಕಂಪ್ಯೂಟರು ಒಪ್ಪಲಿಲ್ಲ. ಚಾರಿತ್ರ್ಯದ ಕೋರ್ಸಿನಲ್ಲಿ ಅವಳೊಬ್ಬಳದೇ ಫಲಿತಾಂಶ ತಡೆಹಿಡಿಯಲಾಯಿತು. ಮೂರು ಕಚೇರಿಗಳಿಗೆ ಮೇಲ್ ಬರೆದು, ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕನೆಂಬ ಗತ್ತನ್ನೆಲ್ಲ ಬಳಸಿ ಬಿಡಿಸಿಕೊಂಡೆ.

ಅವ್ವನಿಗೆ ಇದನ್ನೆಲ್ಲ ವರದಿ ಮಾಡಿದಾಗ ಅವಳು ಕೇಳಿದ್ದು ಒಂದೇ: “ಆ ಗಾಡಿಯಂವಗ ಊಟ ಹಾಕಿದ್ರೇನು?” ಶ್ರೀಶೈಲದ ಹಾದಿಯಲ್ಲಿ ನಡೆಯುವವರ ಕಾಲಿಗೆ ಎಣ್ಣೆ ತಿಕ್ಕಿ, ಕೂಡ್ರಿಸಿ ರೊಟ್ಟಿ ಬಡಿಸುವ ಊರುಗಳನ್ನು ಕಂಡವಳು. ಉತ್ತರ ಹೇಳದೆ ಹವಾಮಾನದ ಮಾತೆತ್ತಿದೆ.

ನೀವು ಹೋಗುವ ಮನಸ್ಸು ಮಾಡಿದರೆ ಒಂದು ಮಾತು. ಯಾಕೋಬನ ಹಬ್ಬ ಜುಲೈ 25, ಅದು ಭಾನುವಾರ ಬಿದ್ದ ವರ್ಷ ಪವಿತ್ರ ವರ್ಷ. 2027 ಅಂಥದ್ದು. ಜನಜಂಗುಳಿ ಬೇಡವೆಂದರೆ ಆ ವರ್ಷ ಬಿಟ್ಟು ಹೋಗಿ. ವಸತಿಗಳಲ್ಲಿ ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಾರೆ, ಗೊರಕೆ ಹತ್ತೂ ಕಾಲಿಗೆ ಶುರು, ಕಿವಿಗೆ ಹತ್ತಿ ಇರಲಿ. ಬ್ಯಾಗು ವ್ಯಾನಿಗೆ ಹಾಕುವುದಾದರೆ ಬೆಳಿಗ್ಗೆ ಎಂಟರೊಳಗೆ ಬಾಗಿಲಿಗೆ ತಂದಿಡಿ, ಲಕೋಟೆಯ ಮೇಲೆ ಮುಂದಿನ ಊರಿನ ಹೆಸರು ಬರೆಯಿರಿ.