ಅಜ್ಜಿಗೆ 266 ಕ್ರೆಡಿಟ್, ಮೊಮ್ಮಗಳಿಗೆ 12

ಕಾಪುವಿನ ಒಂದು ಮದುವೆ ಹಾಲಿನಲ್ಲಿ, ಎರಡನೇ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ, ನನ್ನ ತಂಗಿಯ ಮಗಳನ್ನು ಹಿರಿಯರೊಬ್ಬರು ಮಾತಾಡಿಸಿದರು.

"ಈಗ ಎಂತ ಮಾಡುವುದು ಮಗಾ?"

"ಬಿಎ ನಾಲ್ಕನೇ ವರ್ಷ."

ಅವರ ಕೈಯ ಪಾನಕದ ಲೋಟ ಬಾಯಿಗೂ ಮೇಜಿಗೂ ನಡುವೆ ನಿಂತುಬಿಟ್ಟಿತು. ಬಿಎಗೆ ಮೂರೇ ವರ್ಷ ಎಂಬುದು ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟೇ ಖಾತ್ರಿಯಾಗಿ ಗೊತ್ತಿದ್ದ ಮನುಷ್ಯ. ದನಿ ತಗ್ಗಿಸಿ, ಸಾವಿನ ಮನೆಯಲ್ಲಿ ವಿಚಾರಿಸುವ ಹಾಗೆ ಕೇಳಿದರು: "ಎಷ್ಟು ಸಬ್ಜೆಕ್ಟ್ ಬಾಕಿ?"

"ಬಾಕಿ ಎಂತದೂ ಇಲ್ಲ. ಆನರ್ಸ್. ರಿಸರ್ಚ್ ಮಾಡ್ತಿದ್ದೇನೆ."

ಮುಖ ಅರಳಿತು. "ಹೋ, ಮಣಿಪಾಲದಲ್ಲಾ? ಯಾವ ಕಾಯಿಲೆಗೆ?"

"ಪಾಡ್ದನದ ಬಗ್ಗೆ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆ ಕಾಯಿಲೆಗೆ ಮದ್ದಿಲ್ಲವೆಂದು ತೀರ್ಮಾನಿಸಿದವರಂತೆ ಎದ್ದು ಹೋಗಿ ಎಲೆಯ ಮುಂದೆ ಕೂತರು.

ಹಿರಿಯರದ್ದು ತಪ್ಪೇನಿಲ್ಲ. ಈ ನಾಲ್ಕನೇ ವರ್ಷದ ಜಾತಕವೇ ಹಾಗಿದೆ. 2021ರ ಆಗಸ್ಟಿನಲ್ಲಿ ನಮ್ಮ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದು, ದೇಶಕ್ಕೇ ಮೊದಲು ನಾವೇ ಎಂದು ಬೆನ್ನು ತಟ್ಟಿಕೊಂಡಿತು. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಉಡುಪಿ–ಕಾರ್ಕಳ ಬಸ್ಸಿನ ಹಾಗೆ, ಎಲ್ಲಿ ಇಳಿದರೂ ಅಲ್ಲಿಗೊಂದು ಟಿಕೇಟು. ಆಮೇಲೆ ಸರ್ಕಾರ ಬದಲಾಯಿತು. 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ಬಂತು. ಅದರ ಮಧ್ಯಂತರ ವರದಿಯ ಬೆನ್ನಿಗೆ 2024ರ ಮೇ ತಿಂಗಳಲ್ಲಿ ಡಿಗ್ರಿ ಮತ್ತೆ ಮೂರೇ ವರ್ಷಕ್ಕೆ ಇಳಿಯಿತು. ನಡುವೆ ಸಿಕ್ಕಿಬಿದ್ದ ಮೂರು ಬ್ಯಾಚಿನವರಿಗೆ ಮಾತ್ರ ಒಂದು ರಿಯಾಯಿತಿ: ಬೇಕಿದ್ದರೆ ನಾಲ್ಕನೇ ವರ್ಷ ಓದಿಕೊಳ್ಳಿ.

ಕಟಪಾಡಿಯ ಕಂಬಳವಿರಲಿ, ಮಿಯ್ಯಾರಿನದ್ದಿರಲಿ, ಗಂತಿನಿಂದ ಬಿಟ್ಟ ಕೋಣ ಕರೆಯ ಕೊನೆಯ ಮಂಜೊಟ್ಟಿಯವರೆಗೆ ಓಡುತ್ತದೆ. ಅರ್ಧ ಕರೆಯಲ್ಲಿ ತಡೆದು ನಿಲ್ಲಿಸಿ, "ಇಲ್ಲಿಗೇ ಗೆದ್ದೆ ಅಂತ ಬರೆದುಕೊಳ್ಳುತ್ತೇವೆ, ಆಸೆಯಿದ್ದರೆ ಮುಂದೆ ಓಡು" ಎಂದು ಹೇಳುವ ಧೈರ್ಯ ಯಾವ ಕಂಬಳ ಸಮಿತಿಗೂ ಇಲ್ಲ. ಕೋಣ ತಿವಿಯುತ್ತದೆ. ಬಿಎ ವಿದ್ಯಾರ್ಥಿ ತಿವಿಯುವುದಿಲ್ಲ, ಅರ್ಜಿ ಬರೆಯುತ್ತಾನೆ.

2022ರಲ್ಲಿ ಸೇರಿದ ನಮ್ಮ ಹುಡುಗಿಯೂ ಅರ್ಜಿ ಬರೆದಳು. ಯುಜಿಸಿಯ ಚೌಕಟ್ಟಿನ ಪ್ರಕಾರ ಸಂಶೋಧನೆಯ ಆನರ್ಸಿಗೆ ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ಅಂಕ ಬೇಕು. ಅವಳಿಗೆ ಅದಕ್ಕಿಂತ ಹೆಚ್ಚೇ ಇತ್ತು. ಇಷ್ಟು ಅಂಕ ಇಟ್ಟುಕೊಂಡು ಆರ್ಟ್ಸ್‌ಗೆ ಯಾಕೆ ಹೋದಳೆಂಬ ವ್ಯಥೆ ಅವಳ ಅಪ್ಪನಿಗೆ ಇನ್ನೂ ಇಳಿದಿಲ್ಲ. ನಮ್ಮ ಕಡೆ ಆರ್ಟ್ಸ್ ಅಂದರೆ ಕಾಮರ್ಸಿನಲ್ಲಿ ಸೀಟು ಸಿಗದವರ ಪುನರ್ವಸತಿ. ಅದೇ ಚರಿತ್ರೆ, ಅದೇ ಸಾಹಿತ್ಯ, ಅದೇ ಸಮಾಜಶಾಸ್ತ್ರ ಉಡುಪಿಯಿಂದ ಐದು ಕಿಲೋಮೀಟರ್ ಗುಡ್ಡ ಹತ್ತಿ ಮಣಿಪಾಲಕ್ಕೆ ಹೋದರೆ ಹ್ಯುಮ್ಯಾನಿಟೀಸ್ ಆಗುತ್ತದೆ. ಘಟ್ಟದ ಮೇಲಿನ ಗಾಳಿಗೆ ಕೆಮ್ಮು ಗುಣವಾಗುತ್ತದೆ ಅಂತ ಕೇಳಿದ್ದೆ, ಸಬ್ಜೆಕ್ಟಿನ ಮರ್ಯಾದೆ ಏರಲಿಕ್ಕೆ ಬರೀ ಗುಡ್ಡದ ಗಾಳಿ ಸಾಕು.

ಮುಂದಿನದು ವಿಷಯದ ಆಯ್ಕೆ. ನಮ್ಮಲ್ಲಿ ಸಂಶೋಧನೆಯ ಶೀರ್ಷಿಕೆ ತಯಾರಿಸುವುದು ಅಪ್ಪೆಮಿಡಿ ಉಪ್ಪಿನಕಾಯಿಗಿಂತ ಸುಲಭ. ಕಣ್ಣಿಗೆ ಬಿದ್ದ ಯಾವುದಾದರೂ ವಸ್ತು, ಆಮೇಲೆ ಎರಡು ಚುಕ್ಕಿ, ಕೊನೆಗೆ 'ಒಂದು ಅಧ್ಯಯನ'. ಕಾರ್ಕಳದ ಗೊಮ್ಮಟ: ಒಂದು ಅಧ್ಯಯನ. ಚತುರ್ಮುಖ ಬಸದಿ: ಒಂದು ಅಧ್ಯಯನ. ಕಾಪು ದೀಪಸ್ತಂಭ: ಒಂದು ಅಧ್ಯಯನ. ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಅಂದಿನಿಂದ ಒಂದಿಂಚೂ ಅಲ್ಲಾಡಿಲ್ಲ. ಅವನ ಮೇಲಿನ ಪ್ರಬಂಧಗಳೂ ಅಲ್ಲಾಡಿಲ್ಲ. ಗೈಡ್ ಗೊಮ್ಮಟನನ್ನೇ ಸೂಚಿಸಿದರಂತೆ: "ಅವನ ಮೇಲೆ ಮಟೀರಿಯಲ್ ತುಂಬಾ ಉಂಟು." ಹುಡುಗಿ ಹಟ ಹಿಡಿದಳು. ಅವಳ ಅಪ್ಪನ ತಾಯಿ ಇರುವುದು ಕಾರ್ಕಳ ತಾಲೂಕಿನಲ್ಲಿ, ನಂದಳಿಕೆಗೆ ಹೋಗುವ ಬಸ್ಸಿನ ದಾರಿಯಲ್ಲಿ. ಒಂದು ಕಾಲಕ್ಕೆ ಭತ್ತದ ನೇಜಿ ನೆಡುವಾಗ ಇಡೀ ಗದ್ದೆಗೆ ಕೇಳುವಂತೆ ಪಾಡ್ದನ, ಅಂದರೆ ತುಳುವಿನ ಕತೆಹಾಡು, ಹೇಳುತ್ತಿದ್ದ ಹೆಂಗಸು. ಮಟೀರಿಯಲ್ ಮನೆಯಲ್ಲೇ ಉಂಟಲ್ಲ ಎಂದು ಇವಳ ಲೆಕ್ಕ.

ಹುಡುಗಿ ಕೆಲಸ ಶುರು ಮಾಡುವ ಮೊದಲು, ಈ ಶೇ 75ರ ಗೇಟಿನಲ್ಲಿ ಹಳಬರು ಯಾರಾದರೂ ದಾಟುತ್ತಿದ್ದರೇ ಎಂದು ನಾನು ಸುಮ್ಮನೆ ಪರೀಕ್ಷೆ ಮಾಡಿ ನೋಡಿದೆ.

ಮಂಜೇಶ್ವರದ ಗೋವಿಂದ ಪೈಗಳು ಬಿಎ ಪೂರ್ಣಗೊಳಿಸಲಿಲ್ಲ. ಆದ್ದರಿಂದ ಅನರ್ಹರು. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಸಂಶೋಧನ ಕೇಂದ್ರಕ್ಕೆ ಅವರ ಹೆಸರೇ ಇದೆ, ಅದು ಬೇರೆ ಮಾತು. ಕೋಟದ ಶಿವರಾಮ ಕಾರಂತರು ಕಾಲೇಜು ಬಿಟ್ಟು ಗಾಂಧೀಜಿಯ ಹಿಂದೆ ಹೋದರು. ಯಕ್ಷಗಾನವನ್ನು ಬಗೆದು ನೋಡಿದ ಮನುಷ್ಯನಿಗೆ ಹೊಸ ಲೆಕ್ಕದಲ್ಲಿ ಸರ್ಟಿಫಿಕೇಟು ದಕ್ಕುತ್ತಿತ್ತೋ ಇಲ್ಲವೋ. ಅದೇ ಗೋವಿಂದ ಪೈ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರೂ ಸಂಗಡಿಗರೂ ತುಳು ನಿಘಂಟಿಗೆ ಕೂತದ್ದು 1979ರಲ್ಲಿ, ಆರನೆಯ ಸಂಪುಟ ಹೊರಬಂದದ್ದು 1997ರಲ್ಲಿ. ಹದಿನೆಂಟು ವರ್ಷ! ಈಗಿನ ಕ್ಯಾಲೆಂಡರಿನಲ್ಲಿ ಎರಡನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅವರು 'ಅ' ಅಕ್ಷರವನ್ನೂ ದಾಟುತ್ತಿರಲಿಲ್ಲ. ಪ್ರಗತಿ ವರದಿಯಲ್ಲಿ ಅತೃಪ್ತಿಕರ ಎಂಬ ಷರಾ ಖಂಡಿತ.

ಎಲ್ಲರಿಗಿಂತ ಕಷ್ಟ ನಂದಳಿಕೆಯ ಲಕ್ಷ್ಮೀನಾರಣಪ್ಪನವರದ್ದು. ನಮಗೆಲ್ಲ ಮುದ್ದಣ. ಉಡುಪಿಯಲ್ಲಿ ಡ್ರಿಲ್ ಮಾಸ್ತರು. ಹಗಲು ಮಕ್ಕಳಿಗೆ ಕವಾಯತು, ಉಳಿದ ಹೊತ್ತು ಹಳಗನ್ನಡ. ತಾನು ಬರೆದದ್ದನ್ನು ತನ್ನದೆಂದು ಹೇಳಲಿಕ್ಕೆ ಸಂಕೋಚ. ಯಾವುದೋ ಹಳೆಯ ಕೃತಿ ಸಿಕ್ಕಿತೆಂದು ಮೈಸೂರಿನ ಪತ್ರಿಕೆಗೆ ಕಳಿಸಿದರು, ಪಂಡಿತರು ನಂಬಿ ಅಚ್ಚು ಹಾಕಿದರು. ಅದು ಡ್ರಿಲ್ ಮಾಸ್ತರರ ಸ್ವಂತದ್ದೆಂದು ಲೋಕಕ್ಕೆ ಗೊತ್ತಾಗುವಾಗ ಮಾಸ್ತರರೇ ಇರಲಿಲ್ಲ. ಊರಿನವರ ಸರಕನ್ನು ತನ್ನದೆಂದು ತೋರಿಸುವವರನ್ನು ಹಿಡಿಯಲಿಕ್ಕೆ ಈಗ ತಂತ್ರಾಂಶ ಉಂಟು. ತನ್ನದನ್ನು ಊರಿನವರದ್ದೆಂದು ತೋರಿಸಿದವನನ್ನು ಹಿಡಿಯಲಿಕ್ಕೆ ಎಂತ ಉಂಟು? ಮುದ್ದಣ 31ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡದ್ದು 1901ರಲ್ಲಿ. ಕಾಪುವಿನ ದೀಪಸ್ತಂಭ ಕಟ್ಟಿದ್ದೂ 1901ರಲ್ಲಿ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಇಂಥ ಎರಡು ವಾಕ್ಯ ಪಕ್ಕಪಕ್ಕ ಇಟ್ಟು ಕೆಳಗೆ ಅಡಿಟಿಪ್ಪಣಿ ಕೊಟ್ಟರೆ ಅದನ್ನು ತೌಲನಿಕ ಅಧ್ಯಯನ ಎನ್ನುತ್ತಾರೆ.

ಇರಲಿ. ಹುಡುಗಿ ಅಜ್ಜಿಮನೆಗೆ ಹೊರಟ ದಿನ ನಾನೂ ಜೊತೆಗಿದ್ದೆ. ಹೋಗುವಾಗ ಮೊಮ್ಮಗಳು, ಹೊಸಿಲು ದಾಟಿದ ಮೇಲೆ ಸಂಶೋಧಕಿ. ಅಜ್ಜಿಯೂ ಅಷ್ಟರಲ್ಲಿ ಅಜ್ಜಿಯಾಗಿ ಉಳಿದಿರಲಿಲ್ಲ, ಫೈಲಿನಲ್ಲಿ 'ವಕ್ತೃ' ಆಗಿದ್ದರು. ಸಂಶೋಧನಾ ವಿಧಾನದ ಪಾಠದಂತೆ ಮೊದಲು ಒಪ್ಪಿಗೆ ಪತ್ರ. ಎರಡು ಪುಟ. 'ನಾನು ಸ್ವಇಚ್ಛೆಯಿಂದ, ಯಾವುದೇ ಒತ್ತಡಕ್ಕೆ ಒಳಗಾಗದೆ' ಎಂದು ಶುರು. ಓದಿ ಹೇಳಿ, ಇಂಕಿನ ಪ್ಯಾಡ್ ಮುಂದಿಟ್ಟಳು.

ಅಜ್ಜಿ ಹೆಬ್ಬೆರಳನ್ನು ಸೆರಗಿನೊಳಗೆ ಎಳೆದುಕೊಂಡರು. "ಅಪ್ಪ ಕಳಿಸಿದ್ದಾ? ಜಾಗ ಬರೆಸಿಕೊಳ್ಳಲಿಕ್ಕಾ?"

"ಅಲ್ಲಜ್ಜೀ, ಪಾಡ್ದನಕ್ಕೆ."

"ಪಾಡ್ದನಕ್ಕೆ ಹೆಬ್ಬೆಟ್ಟು ಯಾಕೆ? ನಾನು ಹೆಬ್ಬೆಟ್ಟು ಒತ್ತಿ ಒಳ್ಳೆಯದಾದದ್ದು ಒಂದೇ ಸಲ, ಡಿಕ್ಲರೇಶನ್ ಕೊಟ್ಟಾಗ."

1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರೆಲ್ಲ 7ನೇ ನಮೂನೆ ತುಂಬಿಸಿ ಕೊಟ್ಟ ಕಾಲದ ಮಾತು ಅದು. ಅದಕ್ಕೆ ಮೊದಲು ಒತ್ತಿದ ಹೆಬ್ಬೆಟ್ಟುಗಳೆಲ್ಲ ಎಲ್ಲಿ ಹೋದವು, ಏನಾದವು ಎಂಬುದು ಆ ಬೆರಳಿಗೆ ಚೆನ್ನಾಗಿ ನೆನಪಿತ್ತು. ಸಂಶೋಧನೆಯ ನೀತಿಸಂಹಿತೆ ಬರೆದವರಿಗೆ ಈ ಬೆರಳಿನ ಪರಿಚಯ ಇರಲಿಲ್ಲ.

ಕಾಗದ ಬದಿಗಿಟ್ಟು, ಸುಮ್ಮನೆ ಹಾಡಿ ಎಂದು ಮೊಬೈಲು ಮುಂದೆ ಹಿಡಿದಳು. ಅಜ್ಜಿ ಬಾಗಿಲಿನಾಚೆ ಕೈ ತೋರಿಸಿದರು. ಒಂದು ಕಾಲದ ಗದ್ದೆಯಲ್ಲಿ ಸಾಲು ಹಿಡಿದು ನಿಂತ ಅಡಿಕೆ ಗಿಡಗಳು. "ಬಗ್ಗಿ ನೆಡುವಾಗ ಬಾಯಿಗೆ ಬರುವುದು ಅದು. ಕುರ್ಚಿಯಲ್ಲಿ ಕೂತು ಹೇಳಲಿಕ್ಕೆ ಭಜನೆಯಾ? ಇನ್ನು ಅಡಿಕೆ ಗಿಡಕ್ಕೆ ಪಾಡ್ದನ ಹೇಳಬೇಕಷ್ಟೆ."

ಮುಗಿಯಿತು ಕ್ಷೇತ್ರಕಾರ್ಯ. ಕುಡಿಯಲಿಕ್ಕೆ ಬೆಲ್ಲದ ಕಾಫಿ ಸಿಕ್ಕಿತು. ಹಿಂತಿರುಗುವ ಬಸ್ಸಿನಲ್ಲಿ ಹುಡುಗಿ ನೋಟ್‌ಬುಕ್ ತೆರೆದು 'ಪ್ರಾಕ್ಕಲ್ಪನೆ: ಅಜ್ಜಿ ಹಾಡುತ್ತಾಳೆ' ಎಂದಿದ್ದಲ್ಲಿ ಒಂದು ಅಡ್ಡಗೆರೆ ಎಳೆದಳು. ನಾನು ಅವಳಿಗೆ ಸಮಾಧಾನ ಹೇಳುವ ಬದಲು ಲೆಕ್ಕ ಹಾಕುತ್ತಿದ್ದೆ. ಯುಜಿಸಿಯ ಪ್ರಕಾರ ಕ್ಷೇತ್ರದಲ್ಲಿ ಕೈಯಾರೆ ಮಾಡುವ ಕೆಲಸಕ್ಕೆ 30 ಗಂಟೆಗೆ ಒಂದು ಕ್ರೆಡಿಟ್. ಅಜ್ಜಿ ವರ್ಷಕ್ಕೆ 20 ದಿನ, ದಿನಕ್ಕೆ 8 ಗಂಟೆ, 50 ವರ್ಷ ನೇಜಿ ನೆಟ್ಟು ಹಾಡಿದ್ದಾರೆ ಅಂತಿಟ್ಟುಕೊಳ್ಳಿ. 8,000 ಗಂಟೆ, ಅಂದರೆ 266 ಕ್ರೆಡಿಟ್ ಮೇಲೆ ಚಿಲ್ಲರೆ. ನಾಲ್ಕು ವರ್ಷದ ಆನರ್ಸಿಗೆ ಬೇಕಾದದ್ದು 160. ಮೊಮ್ಮಗಳ ಇಡೀ ಪ್ರಬಂಧಕ್ಕೆ ಸಿಗುವುದು 12. ಇಬ್ಬರಲ್ಲಿ ಹೆಬ್ಬೆಟ್ಟು ಅಜ್ಜಿಯಂತೆ, ವಿದ್ಯಾವಂತೆ ಮೊಮ್ಮಗಳಂತೆ.

ಪಾಡ್ದನವನ್ನು ಲೆಕ್ಕಕ್ಕೆ ಇಳಿಸಿದವ ನಾನೊಬ್ಬನೇ ಏನಲ್ಲ. ಉಜಿರೆ ಕಡೆಯ ಗೋಪಾಲ ನಾಯ್ಕರ ಬಾಯಲ್ಲಿದ್ದ ಸಿರಿ ಪಾಡ್ದನವನ್ನು ಫಿನ್ಲೆಂಡಿನಿಂದ ಬಂದ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ, 1990ರಲ್ಲಿ ಧ್ವನಿಮುದ್ರಿಸಿಕೊಂಡರು. 15,683 ಸಾಲು. ಅಚ್ಚಾಗಿ ಬರಲಿಕ್ಕೆ 1998 ಆಯಿತು. ಬಾಯಿಂದ ಬಂದದ್ದು ಪುಟಕ್ಕೆ ಇಳಿಯಲಿಕ್ಕೆ ಎಂಟು ವರ್ಷ ಬೇಕಾದ ಊರಿನಲ್ಲಿ ನಮ್ಮ ಹುಡುಗಿಗೆ ಉಳಿದದ್ದು ಎಂಟು ವಾರ.

ಡಿಟಿಪಿ ಅಂಗಡಿಯವನಿಗೆ ಇದೆಲ್ಲ ಹೊಸತಲ್ಲ. "ಜಾನಪದವಾ? ಹಳೆಯದೊಂದು ಉಂಟು. ಮುನ್ನುಡಿಯಲ್ಲಿ ಅಪ್ಪ ಅಮ್ಮನ ಹೆಸರು ಬದಲಿಸಿದರೆ ಆಯಿತು" ಎಂದ. ಕೃತಿಚೌರ್ಯ ಪರೀಕ್ಷೆ ಉಂಟಲ್ಲ ಎಂದರೆ ನಕ್ಕ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ತೆಂಗಿನಕಾಯಿ ಹೊರುವವನಿಗೆ ಹತ್ತರಲ್ಲಿ ಒಂದು ಬಿಟ್ಟುಕೊಟ್ಟ ಹಾಗೆ. ಆದರೆ ಅವನ ನಗುವಿನ ಕಾರಣ ಬೇರೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದು ನಮ್ಮ ಕಣ್ಣಿಗಷ್ಟೆ ಕನ್ನಡ. ಕಂಪ್ಯೂಟರಿನ ಹೊಟ್ಟೆಯೊಳಗೆ ಅದು ತಲೆಬಾಲವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಲೋಕದ ಯಾವ ಪುಸ್ತಕವನ್ನೂ ಅದು ಹೋಲುವುದಿಲ್ಲ. "ನಮ್ಮಲ್ಲಿ ಟೈಪು ಮಾಡಿಸಿದ್ದು ಯಾವಾಗಲೂ ಸೊನ್ನೆ ಪರ್ಸೆಂಟ್" ಎಂದು ಹೆಮ್ಮೆಪಟ್ಟ. ಆ ಅಂಗಡಿಯಿಂದ ಹೊರಬಂದಷ್ಟು ಸ್ವೋಪಜ್ಞ ಸಂಶೋಧನೆ ಕೇಂಬ್ರಿಜಿನಿಂದಲೂ ಬಂದಿರಲಾರದು.

ಹುಡುಗಿ ಹಳೆಯದನ್ನು ಕೊಳ್ಳಲಿಲ್ಲ. ರಾತ್ರಿ ಕೂತು ತಾನೇ ಬರೆದಳು. ಎರಡು ತಿಂಗಳ ನಂತರ ಬೈಂಡಾಗಿ ಬಂದ ಪ್ರತಿಯನ್ನು ನಾನು ಹಿಂದಿನಿಂದ ತೆರೆದೆ. ಪ್ರಬಂಧಗಳನ್ನು ಓದುವ ಸರಿಯಾದ ಕ್ರಮ ಅದೇ. ಅನುಬಂಧ 2: 'ವಕ್ತೃವಿನಿಂದ ಸಂಗ್ರಹಿಸಿದ ಪಾಡ್ದನ, 64 ಸಾಲು'. ಪಕ್ಕದಲ್ಲಿ ಒಪ್ಪಿಗೆ ಪತ್ರ, ಅದರ ಅಡಿಯಲ್ಲಿ ನೀಲಿ ಹೆಬ್ಬೆಟ್ಟು. ಬೆರಳು ಯಾರದ್ದೆಂದು ನಾನು ಕೇಳಲಿಲ್ಲ. ಪರೀಕ್ಷಕರೂ ಕೇಳಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಅವರು ಅನುಬಂಧವನ್ನು ಮನಸಾರೆ ಹೊಗಳಿದರಂತೆ: ಎಷ್ಟು ಹಳೆಯ ಭಾಷೆ, ಎಂಥ ಅಪ್ಪಟ ಕ್ಷೇತ್ರಕಾರ್ಯ! ಗದ್ದೆ ಅಡಿಕೆತೋಟವಾದಾಗ ಹಾಡು ಏನಾಗುತ್ತದೆ ಎಂದು ಅವಳು ಕಣ್ಣಾರೆ ಕಂಡು ಬರೆದಿದ್ದ ನಾಲ್ಕು ಪುಟದ ಬದಿಯಲ್ಲಿ ಮಾತ್ರ ಕೆಂಪು ಶಾಯಿ: 'ಆಧಾರವೇನು?'

ಆನರ್ಸ್ ಬಂತು. ಸಿಹಿ ಹಿಡಿದುಕೊಂಡು ಅಜ್ಜಿಮನೆಗೆ ಹೋದೆವು. ಮಳೆ ಹಿಡಿದಿತ್ತು. ಹುಡುಗಿ ಕದ್ದ ಕೋಳಿಯನ್ನು ಬಗಲಿನಲ್ಲಿಟ್ಟುಕೊಂಡವಳಂತೆ ಪುಸ್ತಕ ಹಿಡಿದು ಕೂತಿದ್ದಳು. ಓದು, ಕೇಳುವಾ ಎಂದರು ಅಜ್ಜಿ. ಅವಳು ತಲೆ ಎತ್ತದೆ 64 ಸಾಲನ್ನೂ ಓದಿದಳು. ಅಜ್ಜಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದರು.

"ಇದು ನಾನು ಹೇಳಿದ್ದಲ್ಲ" ಎಂದರು.

ಹುಡುಗಿ ಮಾತಾಡಲಿಲ್ಲ.

"ಎರಡನೇ ಸಾಲು ಉದ್ದ ಆಯಿತು. ಬಗ್ಗಿದವರಿಗೆ ಅಷ್ಟು ಉಸಿರು ಇರುವುದಿಲ್ಲ. ಅಲ್ಲಿ ತುಂಡು ಮಾಡು, ಕೈಯ ನೇಜಿ ಕೆಸರಿಗೆ ಇಳಿಯುವವರೆಗೆ ನಿಲ್ಲಿಸು, ಮತ್ತೆ ಎತ್ತು."

ಹುಡುಗಿ ಬೈಂಡು ಮಾಡಿದ ಪ್ರತಿಯನ್ನೇ ತೊಡೆಯ ಮೇಲಿಟ್ಟು, ಪೆನ್ನಿನಿಂದ ಎರಡನೇ ಸಾಲನ್ನು ತುಂಡು ಮಾಡಿದಳು. ಆ ವರ್ಷವಿಡೀ ಅವಳಿಗೆ ಸಿಕ್ಕಿದ ಮಾರ್ಗದರ್ಶನ ಅಷ್ಟೆ. ಅದಕ್ಕೆ ಕ್ರೆಡಿಟ್ ಇಲ್ಲ.