ವಾರಕ್ಕೊಂದು ಖುಷಿ, ಜೊತೆಗಿಷ್ಟು ಸಂಡಿಗೆ

ತಳಕಿನ ಒಂದು ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ 2024ರ ಫೆಬ್ರವರಿಯಿಂದ ಹೊಸ ಕಾನೂನು ಜಾರಿಗೆ ಬಂತು. ಭಾನುವಾರ ರಾತ್ರಿ ಎಂಟರ ವಿಡಿಯೋ ಕಾಲ್‌ನಲ್ಲಿ ಮಂಡಿನೋವು, ಜಮೀನಿನ ಪಾಲು, ವೀಸಾ, ಈ ಮೂರರ ಮಾತೆತ್ತುವಂತಿಲ್ಲ. ಪ್ರತಿಯೊಬ್ಬರೂ ಆ ವಾರದ ಒಂದು ಸಣ್ಣ ಖುಷಿ ಹೇಳಬೇಕು, ಮಿಕ್ಕವರಿಗೆ ಏನಾದರೊಂದು ಶಿಫಾರಸು ಮಾಡಬೇಕು. ಕಾನೂನು ತಂದವಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಮೊಮ್ಮಗಳು. ಅವಳ ಆಫೀಸಿನ ಸೋಮವಾರದ ಮೀಟಿಂಗು ಹೀಗೇ ಶುರುವಾಗುತ್ತದಂತೆ.

“ಖುಷಿ ಹಿಂಗೆ ಹೇಳ್ಕಂಡು ತಿರುಗಿದ್ರೆ ಕಣ್ಣು ಬೀಳಲ್ವೇನೇ?” ಎಂದು ಅಜ್ಜಿ ಆಕ್ಷೇಪ ಎತ್ತಿದರು. ಕಾಲ್ ಮುಗಿದ ಮೇಲೆ ಫೋನಿಗೇ ದೃಷ್ಟಿ ತೆಗೆದರಾಯಿತು ಎಂದು ತೀರ್ಮಾನವಾಯಿತು.

ಗುಂಪಿನ ಭೂಪಟ ಹೀಗಿದೆ: ತಳಕಿನಲ್ಲಿ ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ. ಬೆಂಗಳೂರಿನಲ್ಲಿ ಅಜ್ಜಿಯ ಚಿಕ್ಕ ಮಗ, ಸೊಸೆ. ಅವರ ಮಗಳೇ ರೆಡಿಂಗ್‌ನವಳು. ಮಗ ಟೆಕ್ಸಸ್‌ನಲ್ಲಿ, ಡಲ್ಲಾಸ್ ಮಗ್ಗುಲಿನ ಪ್ಲೇನೋದಲ್ಲಿ, ಹೆಂಡತಿಯೊಂದಿಗೆ.

ಮಾರ್ಚ್ ಬಂತು. ರೆಡಿಂಗ್‌ನವಳು ಕಣ್ಣರಳಿಸಿ ತನ್ನ ಖುಷಿ ಹೇಳಿದಳು: “ಇವತ್ತು ಬಿಸಿಲು ಬಂದಿತ್ತು! ಹದಿನಾಲ್ಕು ಡಿಗ್ರಿ!” ತಳಕಿನ ಕಡೆ ಸದ್ದಿಲ್ಲ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ರಸ್ತೆಯ ಊರದು. ಮಾರ್ಚಿನ ಮಧ್ಯಾಹ್ನ ಅಲ್ಲಿ ನಾಯಿ ಕೂಡ ರಸ್ತೆ ದಾಟುವ ಮೊದಲು ಯೋಚಿಸುತ್ತದೆ. ಹಿಂದಿನ ಮಳೆಗಾಲ ಬೇರೆ ಕೈಕೊಟ್ಟಿತ್ತು. ಶೇಂಗಾ ಬೆಳೆ ನೆಲ ಕಚ್ಚಿ, ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಗಿದ್ದವು. ಅಂಥವರ ಮುಂದೆ ಬಿಸಿಲು ಬಂತೆಂದು ಕುಣಿಯುವುದೆಂದರೆ! ಅಜ್ಜಿ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ ತಕ್ಷಣ ಶಿಫಾರಸಿಗಿಳಿದರು: “ಬಿಸಿಲು ಐತೆ ಅಂದ್ರೆ ಸುಮ್ನೆ ಯಾಕೆ ಕುಂತಿದೀಯ? ಸಂಡಿಗೆ ಹಾಕು.”

ಆ ವಾರದ ಬೆಂಗಳೂರಿನ ಖುಷಿ ನೀರು ಬರುತ್ತಿರುವ ನಲ್ಲಿಯ ಫೋಟೋ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವರ ಮರ್ಜಿಯಲ್ಲಿ ನಗರ ಬದುಕುತ್ತಿದ್ದ ದಿನಗಳು. ಹೊಸ ಕಾರಿನ ಫೋಟೋಗೂ ಅಷ್ಟು ಲೈಕ್ ಬಿದ್ದಿರಲಿಲ್ಲ.

ಸಂಡಿಗೆಯ ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ಶನಿವಾರ ಅಜ್ಜಿ ಮಾಳಿಗೆಯ ಮೇಲಿಂದ ನೇರಪ್ರಸಾರ ಕೊಟ್ಟರು. ಬೆಳಗಿನ ಜಾವವೇ ಎದ್ದು ಕಾಯಿಸಿದ ಅಕ್ಕಿಹಿಟ್ಟಿನ ಗಂಜಿ. ಅದಕ್ಕೆ ಅರೆದ ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು. ಒದ್ದೆ ಮಾಡಿ ಹಾಸಿದ ಹಳೇ ಪಂಚೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಸೌಟಿನಿಂದ ಒಂದೊಂದೇ ಬಿಡುತ್ತಾ ಹೋದರೆ ಪಂಚೆಯ ತುಂಬ ಬಿಳೀ ಚಂದ್ರರು. ಕಾಗೆ ಓಡಿಸಲು ಬಿಚ್ಚಿಟ್ಟ ಕರೀ ಛತ್ರಿ. ಒಣಗಿದ ಮೇಲೆ ಪಂಚೆ ಮಗುಚಿ ಹಾಕಿ ಹಿಂಬದಿಗೆ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಬಿಡಿಸುವಾಗ ಸಂಡಿಗೆ ಚೂರಾಗುತ್ತದೆ. ಇಷ್ಟನ್ನೂ ಮೊಮ್ಮಗಳು ಬರೆದುಕೊಂಡಳು. ಪಂಚೆಯ ಬದಲು ಬೇಕಿಂಗ್ ಪೇಪರ್ ಹಾಸಿ, ಹಿತ್ತಿಲ ಮೇಜಿನ ಮೇಲೆ ನಲವತ್ತು ಸಂಡಿಗೆ ಇಟ್ಟಳು. ಹತ್ತು ಗಂಟೆಗೆ ಬಿಸಿಲು, ಹತ್ತೂವರೆಗೆ ಮೋಡ, ಹನ್ನೊಂದಕ್ಕೆ ಸಣ್ಣ ಮಳೆ. ಒಳಗೆ ತಂದಳು. ಮತ್ತೆ ಬಿಸಿಲು. ಹೊರಗೆ ಒಯ್ದಳು. ಈ ಸಲ ಅಳಿಲು ಬಂತು. ರಾಮನ ಮೂರು ಗೆರೆಯ ನಮ್ಮ ಸಾಧು ಅಳಿಲಲ್ಲ, ಬೂದುಬಣ್ಣದ ದಢೂತಿ. ಕೊನೆಗೆ ಓವನ್ನಿನಲ್ಲಿ ರಾತ್ರಿಯಿಡೀ ಒಣಗಿಸಿದ್ದಾಯಿತು. ಕರೆಂಟಿನ ಲೆಕ್ಕ ಹಾಕಿದರೆ ಚಳ್ಳಕೆರೆ ಸಂತೆಯಲ್ಲಿ ಕುರಿಯೇ ಸಿಗುತ್ತಿತ್ತು ಎಂದು ದೊಡ್ಡಪ್ಪನ ಅಂದಾಜು. ಕರಿದಾಗ ಮಾತ್ರ ಅರಳಿದವು, ಅದು ದೊಡ್ಡದು.

ಇದರ ನಡುವೆ ಗಡಿಯಾರದ ಗಲಾಟೆ. ಮಾರ್ಚ್ 10ರಂದು ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದರು, ಬ್ರಿಟನ್ನಿನವರು ತಿರುಗಿಸಿದ್ದು 31ಕ್ಕೆ. ಪ್ಲೇನೋದ ಮೊಮ್ಮಗ ತನ್ನ ಮಾಮೂಲು ಎಂಟೂವರೆಗೆ ಕಾಲ್ ಮಾಡಿದರೆ ತಳಕಿನಲ್ಲಿ ಇನ್ನೂ ಏಳು ಗಂಟೆ, ಅಜ್ಜಿಯ ಕೈಯಲ್ಲಿ ಮುದ್ದೆ ಕೋಲು. “ಸರ್ಕಾರದೋರೇ ತಿರುಗಿಸ್ತಾರೆ ಅಜ್ಜಿ, ಬಿಸಿಲು ಉಳಿಸೋಕೆ” ಎಂದ. “ಉಳಿದಿದ್ರೆ ಇಲ್ಲಿಗೆ ಮಾತ್ರ ಕಳಿಸ್‌ಬೇಡ” ಎಂದರು ಅಜ್ಜಿ.

ಮಾರ್ಚ್ 22ರ ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನ ಆಕಾಶದಲ್ಲಿ ದೊಡ್ಡ ಸಂಗತಿಯೇ ನಡೆಯಿತು. ಇಸ್ರೋದ ರೆಕ್ಕೆಯ ವಾಹನ ‘ಪುಷ್ಪಕ್’ ಅನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಎತ್ತಿ ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಏರೋನಾಟಿಕಲ್ ಟೆಸ್ಟ್ ರೇಂಜಿನ ರನ್‌ವೇ ಮೇಲೆ ಇಳಿಯಿತು. ಪ್ಲೇನೋದವನು ಸುದ್ದಿ ನೋಡಿ ಗುಂಪಿಗೆ ಹಾಕಿದ, “ನಮ್ಮೂರ ಪಕ್ಕದಲ್ಲೇ!” ಅದೇ ತಾಲ್ಲೂಕಿನಲ್ಲಿರುವ ದೊಡ್ಡಪ್ಪನಿಗೆ ವಿಷಯ ಗೊತ್ತಾದದ್ದು ಟೆಕ್ಸಸ್ ಮೂಲಕ. ಭಾನುವಾರ ಅವನು ಅದನ್ನೇ ತನ್ನ ಖುಷಿ ಎಂದು ಸವಿಸ್ತಾರವಾಗಿ ಹೇಳಿ ಮುಗಿಸಿದ. ದೊಡ್ಡಪ್ಪನ ಖುಷಿ ಮೂರೇ ಪದ: “ಎಮ್ಮೆ ಕರ ಹಾಕ್ತು.” ಪುಷ್ಪಕಕ್ಕೆ ಎರಡು ಹೆಬ್ಬೆರಳು ಬಿದ್ದವು. ಕರುವಿಗೆ ಹತ್ತೊಂಬತ್ತು ಹೃದಯ, ಮೇಲೆ ಗಿಣ್ಣು ಮಾಡುವ ವಿಡಿಯೋ ಬೇಕೆಂದು ಮೂರು ಖಂಡಗಳಿಂದ ಅರ್ಜಿ.

ಹೋಳಿ ಹುಣ್ಣಿಮೆಯ ಆಸುಪಾಸಿಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು. ದೊಡ್ಡಪ್ಪ ನೂಕುನುಗ್ಗಲಿನಿಂದಲೇ ಎಲ್ಲರಿಗೂ ದರ್ಶನ ಮಾಡಿಸಲು ಹೊರಟರು. ನೆಟ್‌ವರ್ಕ್ ಸಿಕ್ಕಿಕೊಂಡು, ಮುಂದಿದ್ದ ಯಾರದೋ ಹಸಿರು ಟವೆಲ್ಲಿನ ದರ್ಶನ ಏಳು ನಿಮಿಷ ಆಯಿತು. ರೆಡಿಂಗ್‌ನವಳು ಅದಕ್ಕೇ ಕೈಮುಗಿದಳು.

ದೊಡ್ಡಪ್ಪನ ಶಿಫಾರಸು ಯಾವ ವಾರವೂ ಬದಲಾಗುವುದಿಲ್ಲ: ತ.ರಾ.ಸು. ಆ ‘ತ’ ಎಂದರೆ ತಮ್ಮೂರು ಎಂಬ ಅಭಿಮಾನ. ಈ ಸಲ ‘ಹಂಸಗೀತೆ’. ಓದಲು ಪುರುಸೊತ್ತಿಲ್ಲದವರಿಗೆ ಜಿ.ವಿ. ಅಯ್ಯರ್ ಅವರ 1975ರ ಸಿನಿಮಾ. ರೆಡಿಂಗ್‌ನವಳ ಗಂಡ ಪಂಜಾಬಿ. ಅದೇ ಕಾದಂಬರಿ 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಸಿನಿಮಾ ಆಗಿತ್ತು, ಅದರ ಹಾಡುಗಳನ್ನು ತನ್ನ ಅಜ್ಜಿ ಗುನುಗುತ್ತಿದ್ದರು ಎಂದು ತಿಳಿದ ದಿನ ಅವನು ಈ ಮನೆಯ ಅಳಿಯ ಎಂದು ದೊಡ್ಡಪ್ಪ ಅಧಿಕೃತವಾಗಿ ಒಪ್ಪಿಕೊಂಡರು. ಮದುವೆಯಾಗಿ ಆಗಲೇ ಮೂರು ವರ್ಷವಾಗಿತ್ತು.

ಪಂಚಾಂಗಕ್ಕೂ ಪಜೀತಿ ತಂದದ್ದು ಏಪ್ರಿಲ್ 8. ಅಂದು ಡಲ್ಲಾಸ್ ಮೇಲೆ ಖಗ್ರಾಸ ಸೂರ್ಯಗ್ರಹಣ. ಮಟಮಟ ಮಧ್ಯಾಹ್ನ ಒಂದೂ ನಲವತ್ತರ ಸುಮಾರಿಗೆ ಕತ್ತಲು. ಭಾರತಕ್ಕೆ ಆಗ ಮಧ್ಯರಾತ್ರಿ ದಾಟಿತ್ತು, ತಾರೀಖು 9, ಯುಗಾದಿ. ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ ಎಂದು ತಳಕು ನೆಮ್ಮದಿಯಾಗಿ ಮಲಗಿತ್ತು. ಆದರೆ ಮೊಮ್ಮಗನಿಗೆ ಕಾಣುತ್ತದಲ್ಲ! ಅಜ್ಜಿಯ ವಾಯ್ಸ್ ಮೆಸೇಜುಗಳು ಮೊದಲೇ ಹೊರಟಿದ್ದವು: ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕು, ಊಟ ಬೇಗ ಮುಗಿಸು, ಹೊರಗೆ ಕಾಲಿಡಬೇಡ. ಹುಡುಗ ಆಗ ಆಫೀಸಿನ ಪಾರ್ಕಿಂಗ್‌ನಲ್ಲಿ, ಕಾಗದದ ಕನ್ನಡಕ ಹಾಕಿಕೊಂಡು, ಪೀಟ್ಜಾ ಕೈಯಲ್ಲಿ ಹಿಡಿದು, ಮುನ್ನೂರು ಜನರೊಂದಿಗೆ ಕಿರುಚುತ್ತಿದ್ದ. ಆ ಫೋಟೋವನ್ನು ಹೆಂಡತಿ ಗುಂಪಿಗೇ ಹಾಕಿಬಿಟ್ಟಳು.

ಯುಗಾದಿಯ ನಸುಕಿಗೆ ಅಜ್ಜಿಯ ಫೋನು. “ಎಣ್ಣೆನೀರು ಆಯ್ತಾ?”

“ಇಲ್ಲಿನ್ನೂ ಸೋಮವಾರ ಸಂಜೆ ಅಜ್ಜಿ.”

“ನಾವು ಕ್ರೋಧಿ ಸಂವತ್ಸರಕ್ಕೆ ಬಂದು ಕುಂತೀವಿ, ನೀನಿನ್ನೂ ಹಳೇದ್ರಾಗೇ ಐದೀಯಾ? ಗ್ರಹಣದ ಸ್ನಾನನಾದ್ರೂ ಆಯ್ತಾ?”

ಆಗಿರಲಿಲ್ಲ. ಸಂಜೆ ಏಳಕ್ಕೆ ಒಂದು, ಬೆಳಿಗ್ಗೆ ಆರಕ್ಕೆ ಎಣ್ಣೆ ಹಚ್ಚಿ ಇನ್ನೊಂದು ಸ್ನಾನ ಆಯಿತು.

ಹಬ್ಬದ ಮಾವಿನಕಾಯಿ ಚಿತ್ರಾನ್ನಕ್ಕೆ ಪ್ಲೇನೋದ ಸೊಸೆಯ ಶಿಫಾರಸು ಸ್ಪಷ್ಟವಿತ್ತು: ಆ ಹೊತ್ತಿಗೆ ಮೆಕ್ಸಿಕೋದಿಂದ ಬರುವ ಟಾಮಿ ಅಟ್ಕಿನ್ಸ್. ಹಣ್ಣಾದರೂ ನಾರು ಬಿಡದ ತಳಿ, ಆದ್ದರಿಂದ ಕಾಯಿಯಾಗಿಯೇ ಮುಗಿಸುವುದು ಮೇಲು. ಅಜ್ಜಿಗೆ ಕೇಳಿಸಿದ್ದು ಮೊದಲ ಪದ ಮಾತ್ರ. ತಳಕಿನ ಆ ಬೀದಿಯಲ್ಲಿ ಎರಡು ಟಾಮಿಗಳಿವೆ, ಎರಡೂ ಬೊಗಳುತ್ತವೆ.

ಬೆಂಗಳೂರಿನವರು ಏಪ್ರಿಲ್ ಮೂರನೇ ವಾರ ಪ್ಲೇನೋಗೆ ಹೊರಟರು. ತಲೆಗೆ ಇಪ್ಪತ್ಮೂರು ಕಿಲೋದ ಎರಡೆರಡು ಪೆಟ್ಟಿಗೆ. ಶೇಂಗಾ ಚಟ್ನಿಪುಡಿ, ಒಂದು ಡಬ್ಬ ಸಂಡಿಗೆ, ಹುಣಸೆಹಣ್ಣು ಸೇರಿ ಭಾರ ಮೀರಿತು. ಏನನ್ನು ಇಳಿಸುವುದೆಂದು ಒಂದಿಡೀ ಭಾನುವಾರದ ಕಾಲ್ ಚರ್ಚೆಗೆ ಹೋಯಿತು. ಮೊಮ್ಮಗನ ಹೆಂಡತಿಗೆಂದು ದೊಡ್ಡಮ್ಮ ಕೊಂಡಿದ್ದ ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು ಬಿಡಬಹುದು ಎಂದು ಮಾವನವರು ಸೂಚಿಸಿದರು: “ಯುಗಾದಿ ಮುಗಿದೇಹೋಯ್ತಲ್ಲ, ದೀಪಾವಳಿಗೆ ಕಳಿಸೋಣ.”

“ಮಾವ, ಹುಣಸೆಹಣ್ಣು ಇಳಿಸಿ” ಎಂದಳು ಸೊಸೆ. “ಇಲ್ಲಿ ಹಾಲ್ ಸಿಕ್ಕಿರೋದು ಇಪ್ಪತ್ತೇಳಕ್ಕೆ. ಕನ್ನಡ ಕೂಟದ ಯುಗಾದಿ ಇನ್ನೂ ಬಂದೇ ಇಲ್ಲ.”