‘ಯ’ ತೆಗೆದು ‘ಸ’ ಹಾಕಿ

ಯಳಂದೂರು ಕಡೆಯ ಅಗರದಲ್ಲಿ ನಮ್ಮಕ್ಕನ ಮನೆಯ ಜಗಲಿ. ಅಳಿಯ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಪೆನ್ನು ಕಚ್ಚುತ್ತಿದ್ದ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದಿಸುವ ಕೋಚಿಂಗ್ ಕ್ಲಾಸೊಂದಕ್ಕೆ ಹೋಗಿಬರುತ್ತಾನೆ. ಅಲ್ಲಿ ದಿನಕ್ಕೊಂದು ಇಂಗ್ಲಿಷ್ ಪದ ಕೊಡುತ್ತಾರಂತೆ, ಅದನ್ನು ಹಾಕಿ ಐದು ವಾಕ್ಯ ಬರೆದು ತರಬೇಕು. ಅವತ್ತಿನ ಪದ ‘ಇಂಟ್ರ್ಯಾಕ್ಟಬಲ್’.

“ಮಾವ, ಹಂಗಂದ್ರೆ ಏನು?”

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅಜ್ಜಿ ಕೂಗಿದರು. “ಏನ್ಲಾ, ಟ್ರ್ಯಾಕ್ಟ್ರು ಮೇಲಕ್ ಬಂತಾ?”

ಬೆಳಗ್ಗೆ ಕೆಸರುಗದ್ದೆಗೆ ಇಳಿದ ಬಾಡಿಗೆ ಟ್ರ್ಯಾಕ್ಟರು ಹಿಂದಿನ ಗಾಲಿ ಅರ್ಧ ಮುಳುಗುವ ತನಕ ಹೂತುಕೊಂಡಿತ್ತು. ಅಜ್ಜಿಗೆ ಅದರ ಚಿಂತೆ. ಕಿವಿ ಮಂದವಾದರೂ ಅವರು ಕೇಳಿಸಿಕೊಂಡದ್ದರಲ್ಲಿ ತಪ್ಪಿರಲಿಲ್ಲ. ಎಳೆ, ಜಗ್ಗು ಎನ್ನುವ ಒಂದೇ ಲ್ಯಾಟಿನ್ ಬೇರಿನಿಂದ ಟ್ರ್ಯಾಕ್ಟರೂ ಹುಟ್ಟಿದೆ, ಇಂಟ್ರ್ಯಾಕ್ಟಬಲ್ಲೂ ಹುಟ್ಟಿದೆ. ಒಂದು ಎಳೆಯುವಂಥದ್ದು, ಇನ್ನೊಂದು ಎಷ್ಟು ಎಳೆದರೂ ಬಾರದ್ದು. ‘ಜಗ್ಗದ್ದು ಕಣೋ’ ಎಂದೆ. ಅಳಿಯನಿಗೆ ಸಮಾಧಾನವಾಗಲಿಲ್ಲ. ಮೂರಕ್ಷರದ ಕನ್ನಡಕ್ಕೆ ಪರೀಕ್ಷೆಯಲ್ಲಿ ಅಂಕವಿಲ್ಲವಲ್ಲ. ಅಗ್ರಹಾರ ಎಂಬ ಭಾರದ ಪದವನ್ನೇ ಸವೆಸಿ ಅಗರ ಮಾಡಿಕೊಂಡವರ ಊರಿನಲ್ಲಿ ಕೂತು ಹುಡುಗ ಹಗುರಾದದ್ದನ್ನು ಭಾರ ಮಾಡುವ ಕಲೆ ಕಲಿಯುತ್ತಿದ್ದ.

ಮೊದಲ ವಾಕ್ಯ ಕಾವೇರಿ. ಅದು ಹೇಗೂ ಬರಲೇಬೇಕು. 1892ರ ಒಪ್ಪಂದ, 1924ರ ಒಪ್ಪಂದ, 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ಇನ್ನೂ ಅಂತಿಮ ತೀರ್ಪು. ಇಷ್ಟಾದ ಮೇಲೂ ಇಂಗ್ಲಿಷ್ ಪತ್ರಿಕೆಗಳಿಗೆ ಕಾವೇರಿ ‘ವೆಕ್ಸ್‌ಡ್’, ಅಂದರೆ ತಲೆನೋವಿನ, ವಿವಾದವೇ. ಮಜಾ ಏನೆಂದರೆ, ಕೊಡಗಿನಲ್ಲಿ ಚೆನ್ನಾಗಿ ಮಳೆ ಹಿಡಿದ ವರ್ಷ ಈ ವಿಶೇಷಣ ಎಲ್ಲಿಯೂ ಕಾಣುವುದಿಲ್ಲ. ಅಣೆಕಟ್ಟೆ ತುಂಬಿತೆಂದರೆ ವ್ಯಾಕರಣವೂ ತಣ್ಣಗಾಗುತ್ತದೆ.

ಎರಡನೆಯದು ರೈಲು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೇಲೆ ಚಾಮರಾಜನಗರಕ್ಕೆ ಒಂದು ಮಾರ್ಗ 1996–97ರಲ್ಲೇ ಮಂಜೂರಾಗಿದೆ. ಆ ವರ್ಷ ಹುಟ್ಟಿದ ಮಕ್ಕಳು ಈಗ ಮಕ್ಕಳ ತಾಯ್ತಂದೆ. ಕೊಳ್ಳೇಗಾಲದಲ್ಲಿ ರೈಲು ನೋಡಬೇಕೆಂದರೆ ಇವತ್ತಿಗೂ ಬಸ್ಸು ಹತ್ತಬೇಕು. ಚುನಾವಣೆಗೊಮ್ಮೆ ಮಾತ್ರ ಅದು ಭಾಷಣದ ಮೇಲೆ ಸರಾಗವಾಗಿ ಓಡುತ್ತದೆ, ಯಳಂದೂರಿನಲ್ಲಿ ನಿಂತೂ ಹೋಗುತ್ತದೆ. ಭೂಸ್ವಾಧೀನ ಜಟಿಲ, ಖರ್ಚಿನ ಪಾಲು ಜಟಿಲ, ಒಟ್ಟಿನಲ್ಲಿ ಸಮಸ್ಯೆಯೇ ಜಟಿಲ. ಜಟಿಲ ಎಂದರೆ ಜಡೆಗಟ್ಟಿದ್ದು. ಬಾಚಣಿಗೆ ಯಾರ ಕೈಯಲ್ಲಿತ್ತು ಎಂದು ಕೇಳುವ ಹಾಗಿಲ್ಲ.

ಈ ವಿಶೇಷಣದ ಕರಾಮತ್ತೇ ಇದು. ಮಾಡಬೇಕಾದವರ ಗುಣವನ್ನು ಬಿಚ್ಚಿ ತಂದು ಸಮಸ್ಯೆಯ ಕೊರಳಿಗೆ ಕಟ್ಟುತ್ತದೆ. ಹಟಮಾರಿ ಸಮಸ್ಯೆ, ಮೊಂಡು ಸಮಸ್ಯೆ, ಕಗ್ಗಂಟಿನ ಸಮಸ್ಯೆ. ಪಾಪ, ಅಧಿಕಾರಿಗಳು ಎಷ್ಟು ಬೇಡಿಕೊಂಡರೂ ಅದು ಬಗೆಹರಿಯಲು ಒಪ್ಪುತ್ತಿಲ್ಲ! ಯೋಜನಾ ಶಾಸ್ತ್ರದವರು ಇನ್ನೂ ಒಂದು ಹೆಜ್ಜೆ ಮುಂದೆ. ಹಾರ್ಸ್ಟ್ ರಿಟ್ಟೆಲ್, ಮೆಲ್ವಿನ್ ವೆಬರ್ ಎಂಬ ಇಬ್ಬರು ಪ್ರಾಧ್ಯಾಪಕರು 1973ರಲ್ಲಿ ಇಂಥವನ್ನು ‘ವಿಕೆಡ್’, ಅಂದರೆ ಕೇಡಿಗ, ಸಮಸ್ಯೆಗಳು ಎಂದು ಕರೆದರು. ಅವರು ಹೇಳಹೊರಟದ್ದು ಬೇರೆ, ತೂಕದ ಮಾತೇ. ನಮ್ಮ ಕಾರ್ಯಾಗಾರಗಳು ಅದರಲ್ಲಿ ಪದವೊಂದನ್ನೇ ಎತ್ತಿಕೊಂಡವು. ಅಗರದಲ್ಲಿ ಕೇಡಿಗ ಎಂದರೆ ಒಬ್ಬ ಮನುಷ್ಯ, ಅವನಿಗೆ ಮನೆ, ಹೆಸರು, ಅಡ್ಡಹೆಸರು ಎಲ್ಲ ಇರುತ್ತವೆ. ಪವರ್‌ಪಾಯಿಂಟಿನಲ್ಲಿ ಕೇಡಿಗತನ ಸಮಸ್ಯೆಗೆ ಹೋಗುತ್ತದೆ, ಮನುಷ್ಯರು ಊಟಕ್ಕೆ ಹೋಗುತ್ತಾರೆ.

ಕನ್ನಡವೇನು ಸಾಚಾ ಅಲ್ಲ. ‘ಜ್ವಲಂತ ಸಮಸ್ಯೆ’ ಎಂದು ಬರೆದು ವರ್ಷಗಟ್ಟಲೆ ಉರಿಯಲು ಬಿಡುತ್ತೇವೆ, ಒಂದು ಬಿಂದಿಗೆ ನೀರು ಹಾಕುವುದಿಲ್ಲ. ಆದರೆ ನಮ್ಮಲ್ಲಿ ಒಂದು ಅನುಕೂಲವಿದೆ. ‘ಬಗೆಹರಿಯದ ಸಮಸ್ಯೆ’ ಎಂದರೆ ತಾನಾಗಿಯೇ ಹರಿಯದ್ದು, ಯಾರದೂ ತಪ್ಪಿಲ್ಲ. ‘ಯ’ ತೆಗೆದು ‘ಸ’ ಹಾಕಿ: ‘ಬಗೆಹರಿಸದ ಸಮಸ್ಯೆ’. ತಕ್ಷಣ ‘ಯಾರು?’ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಒಂದಕ್ಷರಕ್ಕೆ ಇಷ್ಟು ಹೆದರಿಕೆ ಇರುವುದರಿಂದಲೇ ಕಡತಗಳಲ್ಲಿ ಆ ‘ಸ’ ಸಿಗುವುದು ಅಪರೂಪ.

ಮೂರನೆಯ ವಾಕ್ಯಕ್ಕೆ ಅಳಿಯ ಹನೂರು ತಾಲ್ಲೂಕಿನ ಇಂಡಿಗನತ್ತವನ್ನು ಹಿಡಿದ. ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರು. ರಸ್ತೆ ಬೇಕು, ನೀರು ಬೇಕು ಎಂದು ಅಲ್ಲಿನವರು ಕೇಳುತ್ತಲೇ ಇದ್ದರು. ಅರಣ್ಯ, ಕಾನೂನು, ಅನುಮತಿ... ಇಂಟ್ರ್ಯಾಕ್ಟಬಲ್. 2024ರ ಏಪ್ರಿಲ್ 26ರಂದು, ಲೋಕಸಭೆ ಚುನಾವಣೆಯ ದಿನ, ಮತದಾನ ಬಹಿಷ್ಕಾರ ಗಲಾಟೆಗೆ ತಿರುಗಿ ಮತಗಟ್ಟೆಯೂ ಮತಯಂತ್ರವೂ ಪುಡಿಯಾದವು. ಮಾಡಿದ್ದು ಸರಿಯಲ್ಲ, ಒಪ್ಪೋಣ. ಏಪ್ರಿಲ್ 29ಕ್ಕೆ ಅದೇ ಊರಿನಲ್ಲಿ ಮರುಮತದಾನ. ಹೊಸ ಯಂತ್ರ, ಸಿಬ್ಬಂದಿ, ಪೊಲೀಸು ಎಲ್ಲ ಮೂರೇ ದಿನದಲ್ಲಿ ಅದೇ ಕಾಡು ದಾಟಿ ಹೋದವು. ಅದನ್ನು ಯಾರೂ ಜಟಿಲ ಎನ್ನಲಿಲ್ಲ.

ಹಾಗೆ ನೋಡಿದರೆ ಜಟಿಲವಾದದ್ದನ್ನು ಈ ಸೀಮೆ ಹಿಂದೆಯೂ ಕಂಡಿದೆ. 1902ರಲ್ಲಿ ಇಲ್ಲೇ ಪಕ್ಕದ ಶಿವನಸಮುದ್ರದಿಂದ ಕೋಲಾರದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಕೊಟ್ಟರು. ಅಷ್ಟು ದೂರ ಕರೆಂಟು ಸಾಗಿಸುವುದು ಆ ಕಾಲಕ್ಕೆ ಹುಡುಗಾಟವಲ್ಲ. ಆದರೆ ಆ ತುದಿಯಲ್ಲಿ ಚಿನ್ನವಿತ್ತು.

ನಾಲ್ಕನೆಯ ವಾಕ್ಯ ಕಾಯಿಲೆಯದು, ಔಷಧಕ್ಕೆ ಬಗ್ಗದ ನೋವು. ಇಲ್ಲಿ ನನ್ನ ತಕರಾರಿಲ್ಲ. ಡಾಕ್ಟರು ಮಾಡುವುದನ್ನೆಲ್ಲ ಮಾಡಿ ಸೋತ ಮೇಲೆ ಹಾಕುವ ಪದ ಅದು. ಕಂಪ್ಯೂಟರ್ ಶಾಸ್ತ್ರದವರೂ ಪ್ರಾಮಾಣಿಕರು. ಅವರ ಪ್ರಕಾರ ಇಂಟ್ರ್ಯಾಕ್ಟಬಲ್ ಲೆಕ್ಕಕ್ಕೆ ಉತ್ತರ ಇರಬಹುದು, ಉತ್ತರ ಬರುವಷ್ಟರಲ್ಲಿ ಕಾಲವೇ ಮುಗಿದಿರುತ್ತದೆ. ತಾಲ್ಲೂಕು ಕಚೇರಿಯ ಖಾತೆ ಬದಲಾವಣೆಯ ಅರ್ಜಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನಾನು ಕಂಡಿಲ್ಲ.

ಐದನೆಯದಕ್ಕೆ ಅಳಿಯನಿಗೆ ಏನೂ ಹೊಳೆಯಲಿಲ್ಲ. ಗದ್ದೆಯ ಟ್ರ್ಯಾಕ್ಟರನ್ನೇ ಹಾಕಿದ. ಮೇಷ್ಟ್ರು ಅದರ ಕೆಳಗೆ ಕೆಂಪು ಗೆರೆ ಎಳೆದು ಕಳಿಸಿದರಂತೆ: ಈ ಪದ ದೊಡ್ಡ ಸಮಸ್ಯೆಗಳಿಗೆ ಮಾತ್ರ.

ಮೇಷ್ಟ್ರು ಹೇಳಿದ್ದು ಸರಿ. ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಿಗೆ ಅಡ್ಡಲಾಗಿ ತೆಂಗಿನ ದಿಮ್ಮಿ ಇಟ್ಟು ಸರಪಳಿ ಬಿಗಿದರು. ಗೇರು ಹಾಕಿದಾಗ ದಿಮ್ಮಿ ಗಾಲಿಯ ಜೊತೆ ಸುತ್ತಿ ಕೆಸರಿಗೆ ಕಚ್ಚಿಕೊಂಡಿತು. ಹಿಂದಿನಿಂದ ಏಳು ಜನ ಹೆಗಲು ಕೊಟ್ಟರು. ಅವತ್ತೇ ಸಂಜೆ ಐದೂವರೆಗೆ ಟ್ರ್ಯಾಕ್ಟರು ಬದುವಿನ ಮೇಲಿತ್ತು.